ತಂದೆಯ ಸಮಾಧಿ, ಮಕ್ಕಳ ಪಯಣ

ಹುಟ್ಟಿದ ನೆಲವನ್ನು ಬಿಟ್ಟು ಹೋಗುವುದು ಮನುಷ್ಯನಿಗೆ ಎಂದಿಗೂ ಸುಲಭವಾದ ಕಾರ್ಯವಲ್ಲ. ಬಹುಕಾಲ ಆಲೋಚಿಸಿ, ಹೋಗುವುದೇ ಸರಿಯೆಂದು ನಿಶ್ಚಯಿಸಿ, ಸಾಮಾನುಗಳನ್ನು ಕಟ್ಟುತ್ತಿರುವ ಸಮಯದಲ್ಲಿ ಮನೆಯ ಯಜಮಾನನೇ ತೀರಿಕೊಂಡರೆ ಉಳಿದವರು ಮಾಡಬೇಕಾದುದೇನು? ಹೊರಟರೆ ತಂದೆಯ ಸಮಾಧಿಯನ್ನು ತೊರೆದಂತಾಗುವುದು. ನಿಂತರೆ ತಂದೆಯ ಸಂಕಲ್ಪವನ್ನು ತೊರೆದಂತಾಗುವುದು. 19ನೆಯ ಶತಮಾನದ ಸ್ವೀಡನ್ ದೇಶದಲ್ಲಿ ದೈವಭಕ್ತರಾದ ರೈತ ಕುಟುಂಬಗಳಿಗೆ ಒದಗಬಹುದಾಗಿದ್ದ ಈ ಧರ್ಮಸಂಕಟವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಸ್ವೀಡನ್ನು ಯೂರೋಪಿನ ಉತ್ತರ ಭಾಗದ ದೇಶ. ಕಾಡು, ಸರೋವರ, ಬಂಡೆಗಳೇ ಅಲ್ಲಿ ಹೆಚ್ಚು. 1850ರಿಂದ 1930ರವರೆಗಿನ 80 ವರ್ಷಗಳಲ್ಲಿ ಅಲ್ಲಿಂದ 12 ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕಾಕ್ಕೆ ವಲಸೆ ಹೋದರು. 1900ರಲ್ಲಿ ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 51 ಲಕ್ಷವೆಂಬುದನ್ನು ನೆನೆದರೆ ಇದೆಷ್ಟು ದೊಡ್ಡ ವಲಸೆಯೆಂಬುದು ವಿಶದವಾಗುವುದು. ಜನಸಂಖ್ಯೆ ಏಕೆ ಬೆಳೆಯಿತೆಂಬುದಕ್ಕೆ ಬಿಷಪ್ಪರೂ ಕವಿಗಳೂ ಆಗಿದ್ದ ಎಸಾಯಸ್ ಟೆಗ್ನೇರ್ ಅವರು ಮೂರು ಕಾರಣಗಳನ್ನು ಹೇಳಿದ್ದರು: ಶಾಂತಿ, ಸಿಡುಬಿಗೆ ದೇವಿ ಹಾಕಿಸುವ ಪದ್ಧತಿ, ಆಲೂಗಡ್ಡೆ. ಮಕ್ಕಳು ಉಳಿದರು, ಬೆಳೆದರು. ಆದರೆ ಮಕ್ಕಳೊಡನೆ ಹೊಲಗಳು ಬೆಳೆಯಲಿಲ್ಲ. ದಕ್ಷಿಣದ ಸ್ಮೋಲಾಂಡ್ ಪ್ರಾಂತದಲ್ಲಂತೂ ರೈತನು ಮೊದಲು ಕಲ್ಲುಗಳನ್ನು ಆಯ್ದು ಗೋಡೆ ಕಟ್ಟಿ, ಆಮೇಲೆ ಕಾಳನ್ನು ಬಿತ್ತಬೇಕಾಗಿದ್ದಿತು. 1867ರ ಚಳಿ ಮಳೆಗಳೂ 1868ರ ಅನಾವೃಷ್ಟಿಯೂ ಆ ಬೆಳೆಯನ್ನೂ ಕೆಡಿಸಿದುವು. ಅತ್ತ ಅಮೆರಿಕಾದ ಸಂಯುಕ್ತ ಸಂಸ್ಥಾನಗಳು 1862ರ ಕಾಯಿದೆಯ ಮೂಲಕ, ಉತ್ತು ನೆಲೆಸುವವನಿಗೆ 160 ಎಕರೆ ನೆಲವನ್ನು ಕೊಡಲು ಸಿದ್ಧವಾಗಿದ್ದುವು.

ಹಸಿವೊಂದೇ ಕಾರಣವಾಗಿರಲಿಲ್ಲ. ಸ್ವೀಡನ್ನಿನಲ್ಲಿ ಪ್ರತಿಯೊಬ್ಬನೂ ಓದಲು ಕಲಿತು ಧರ್ಮಬೋಧೆಯನ್ನು ತಿಳಿದಿರಬೇಕೆಂದು 1686ರ ಚರ್ಚಿನ ಕಾಯಿದೆ ವಿಧಿಸಿದ್ದಿತು. ಪಾದ್ರಿಯು ಹಳ್ಳಿಹಳ್ಳಿಗೆ ಬಂದು ಮನೆಯವರನ್ನೂ ಆಳುಗಳನ್ನೂ ಕೂಡಿಸಿ ಪರೀಕ್ಷಿಸಿ, ಯಾರು ಎಷ್ಟು ಬಲ್ಲರೆಂಬುದನ್ನು ದಾಖಲೆಯ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದನು. ಹೀಗೆ ಓದು ಕಲಿಸಿದ ಅಧಿಕಾರವೇ, ಓದಿದವರು ತಾವಾಗಿ ಕೂಡಿ ಕುಳಿತು ಆಲೋಚಿಸುವುದನ್ನು ಸಹಿಸಲಿಲ್ಲ. ಒಬ್ಬನು ತನ್ನ ಮನೆಯವರೊಡನೆ ಪ್ರಾರ್ಥಿಸಬಹುದಾಗಿದ್ದಿತು. ನೆರೆಹೊರೆಯವರನ್ನು ಕರೆದು, ಪಾದ್ರಿಯಿಲ್ಲದೆ ಧರ್ಮಸಭೆಯನ್ನು ನಡೆಸುವುದು 1726ರ ರಾಜಾಜ್ಞೆಯ ಪ್ರಕಾರ ಅಪರಾಧ. ಅದಕ್ಕೆ ದಂಡ, ಸೆರೆವಾಸ, ಗಡೀಪಾರುಗಳ ಶಿಕ್ಷೆಯಿದ್ದಿತು. ಆದರೂ ಮನೆಗಳಲ್ಲಿ ಸಭೆಗಳು ನಿಲ್ಲಲಿಲ್ಲ. ಸದಾ ಪುಸ್ತಕ ಹಿಡಿದಿರುತ್ತಿದ್ದ ಈ ಜನರನ್ನು ಇತರರು ‘ಓದುವವರು’ ಎಂದೇ ಕರೆದರು. ಎರಿಕ್ ಯಾನ್ಸನ್ ಎಂಬ ಬೋಧಕನು 1846ರಲ್ಲಿ ಅಮೆರಿಕಾಕ್ಕೆ ಹೋಗಿ, ಸಾವಿರಕ್ಕೂ ಮೀರಿದ ಅನುಯಾಯಿಗಳೊಡನೆ ಇಲಿನಾಯ್ ಸೀಮೆಯಲ್ಲಿ ಬಿಷಪ್ ಹಿಲ್ ಎಂಬ ವಸತಿಯನ್ನು ಸ್ಥಾಪಿಸಿದನು. ಆ ರಾಜಾಜ್ಞೆ 1858ರಲ್ಲಿ ರದ್ದಾಯಿತು. ಮನೆಯೊಳಗೆ ಕುಳಿತು ಓದುವ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಈಗ 1869ರ ಸ್ಮೋಲಾಂಡಿನಲ್ಲಿ ಇಂತಹ ‘ಓದುವವರ’ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ನಾವು ಹೇಳುವುದು ಒಂದು ನಿರ್ದಿಷ್ಟ ಮನೆಯ ಚರಿತ್ರೆಯಲ್ಲ; ಅಂದಿನ ಕಾನೂನು, ಆಚಾರ, ದಾಖಲೆಗಳಿಂದ ಊಹಿಸಬಹುದಾದ ಚಿತ್ರ. ಮನೆಯಲ್ಲಿ ತಂದೆ, ತಾಯಿ, ಪ್ರಾಯಕ್ಕೆ ಬಂದ ಮಗ, ಮೂವರು ಸಣ್ಣ ಮಕ್ಕಳು, ತಂದೆಯ ಮುದಿತಾಯಿ. ಸಂಜೆ ದೀಪ ಹಚ್ಚಿದ ಮೇಲೆ ತಂದೆ ಬೈಬಲ್ಲನ್ನೋದುವನು, ಉಳಿದವರು ಕೇಳುವರು. ಹೊಲಮನೆಗಳನ್ನು ಮಾರುವ ಮಾತು ಮುಗಿದಿದೆ, ಪಾತ್ರೆಪಡಗಗಳ ಹರಾಜಿಗೆ ದಿನ ಗೊತ್ತಾಗಿದೆ. ಅಷ್ಟರಲ್ಲಿ ಜ್ವರ ಬಂದು ತಂದೆ ಸಾಯುತ್ತಾನೆ. ಚರ್ಚಿನ ಗಂಟೆ ಮೊಳಗುತ್ತದೆ. ಸಂಪ್ರದಾಯದಂತೆ ಮನೆಯ ಮುಂದೆ ಸ್ಪ್ರೂಸ್ ಮರದ ಹಸಿರು ರೆಂಬೆಗಳನ್ನು ಹರಡುತ್ತಾರೆ. ಹಡಗಿನ ರೇವಿಗೆ ಹೋಗಬೇಕಾಗಿದ್ದ ಬಂಡಿ ಮೊದಲು ಸ್ಮಶಾನಕ್ಕೆ ಹೋಗುತ್ತದೆ.

ಶೋಕದ ಹಿಂದೆಯೇ ಕಾನೂನು ಬರುವುದು. 1734ರ ಸಂಹಿತೆಯಂತೆ, ಮರಣವಾದ ಮೂರು ತಿಂಗಳೊಳಗೆ ಸತ್ತವನ ಆಸ್ತಿಯ ಪಟ್ಟಿಯಾಗಬೇಕು. ಹಸು, ನೇಗಿಲು, ಹಾಸಿಗೆ, ಚಮಚ, ಪುಸ್ತಕ, ಸಾಲ ಎಲ್ಲವನ್ನೂ ಬೆಲೆಕಟ್ಟಿ ಬರೆಯುವರು. 1845ರ ಕಾಯಿದೆಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು. ಚಿಕ್ಕವರ ಪಾಲನ್ನು ನೋಡಿಕೊಳ್ಳಲು ಪೋಷಕನು ಬೇಕು. ಇಲ್ಲೊಂದು ಗಮನಿಸತಕ್ಕ ಸಂಗತಿಯುಂಟು. ಗಂಡನಿರುವವರೆಗೆ ಹೆಂಡತಿ ಕಾನೂನಿನ ಕಣ್ಣಿಗೆ ಅವನ ಅಧೀನಳು. ವಿಧವೆಯಾದೊಡನೆ ಅವಳು ತನ್ನ ವ್ಯವಹಾರಕ್ಕೆ ತಾನೇ ಕರ್ತೃ. ಹೋಗಬೇಕೆಂಬ ನಿಶ್ಚಯ ತಂದೆಯದಾಗಿತ್ತು. ಈಗ ಅದನ್ನು ನಡೆಸುವ ಅಥವಾ ಬಿಡುವ ಭಾರ, ಅದುವರೆಗೆ ಯಾರೂ ಕೇಳದಿದ್ದ ತಾಯಿಯ ಮೇಲೆ ಬಿದ್ದಿತು.

ಮುದುಕಿಯ ಗತಿಯೇನು? ಸ್ವೀಡನ್ನಿನ ರೈತರಲ್ಲಿ ಒಂದು ಒಪ್ಪಂದದ ಪದ್ಧತಿಯಿದ್ದಿತು. ವೃದ್ಧರು ಹೊಲವನ್ನು ಮಗನಿಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಒಂದು ಕೋಣೆ, ವರ್ಷಕ್ಕಿಷ್ಟು ಧಾನ್ಯ, ಹಾಲು, ಸೌದೆ ಎಂದು ಬರೆಸಿಕೊಳ್ಳುತ್ತಿದ್ದರು. ಹೊಲವನ್ನು ಕೊಂಡ ಪರಕೀಯನೂ ಅದಕ್ಕೆ ಬದ್ಧನಾಗುವಂತೆ ನೋಂದಾಯಿಸಬಹುದಾಗಿದ್ದಿತು. ಆದುದರಿಂದ ಮುದುಕಿಗೆ ಅನ್ನಕ್ಕೆ ಕೊರತೆಯಿಲ್ಲ. ಆದರೆ ಮಗನನ್ನು ಮಣ್ಣಿಗೆ ಕೊಟ್ಟು, ಮೊಮ್ಮಕ್ಕಳನ್ನು ಕಡಲಿಗೆ ಕಳುಹಿಸಿದವಳಿಗೆ ಯಾವ ಪತ್ರದಲ್ಲಿ ಏನನ್ನು ಬರೆಸಿಕೊಡಲಾದೀತು?

ಭಕ್ತರಿಗೆ ಇದಕ್ಕಿಂತಲೂ ಕಠಿನವಾದ ಪ್ರಶ್ನೆಯೊಂದಿದೆ. ಈ ಮರಣವು ‘ಹೋಗಬೇಡಿ’ ಎಂಬ ದೇವರ ಸೂಚನೆಯೆ? ತಂದೆತಾಯಿಗಳನ್ನು ಗೌರವಿಸೆಂಬುದು ಲೂಥರನ ಎಣಿಕೆಯಲ್ಲಿ ನಾಲ್ಕನೆಯ ಆಜ್ಞೆ. ಅದನ್ನು ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಇಂಥವರು ಉತ್ತರಕ್ಕಾಗಿ ತೆರೆಯುತ್ತಿದ್ದುದು ಬೈಬಲ್ಲನ್ನೇ. ಅದರಲ್ಲಿ ಎರಡು ಕಥೆಗಳಿವೆ. ಇಸ್ರಾಯೇಲ್ಯರು ಐಗುಪ್ತವನ್ನು ಬಿಡುವಾಗ ಮೋಶೆಯು ಯೋಸೇಫನ ಎಲುಬುಗಳನ್ನು ಜೊತೆಯಲ್ಲಿ ಕೊಂಡೊಯ್ದನು. ಸ್ಮೋಲಾಂಡಿನ ಬಡ ವಿಧವೆಗೆ ಅದು ಸಾಧ್ಯವಿಲ್ಲ. ಇನ್ನೊಂದು ಅಬ್ರಹಾಮನದು. ಅವನ ತಂದೆ ತೆರಹನು ಕಾನಾನ್ ದೇಶಕ್ಕೆಂದು ಮನೆಮಂದಿಯೊಡನೆ ಹೊರಟವನು. ನಡುದಾರಿಯಲ್ಲಿ, ಹಾರಾನಿನಲ್ಲಿ, ತೀರಿಕೊಂಡನು. ಮಗನು ತಂದೆಯನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆದನು. ಆ ಕಥೆಯಲ್ಲಿ ತಂದೆಯ ಮರಣ ಪಯಣದ ನಿಷೇಧವಲ್ಲ. ಪಯಣವನ್ನು ಮಗನ ಹೆಗಲಿಗೆ ವರ್ಗಾಯಿಸುವ ಘಳಿಗೆ. ಹೊರಡಲು ಮನಸ್ಸು ಮಾಡಿದ ಕುಟುಂಬಕ್ಕೆ ಇಷ್ಟು ಆಧಾರ ಸಾಕಾಗಿದ್ದಿರಬೇಕು.

ಅದೇ ಸ್ಮೋಲಾಂಡಿನ ಫ್ರೋಡೆರಿಡ್ ಎಂಬ ಊರಿನ ಪಾದ್ರಿಯ ಮಗಳು ಲೀನಾ ಸಾಂಡೆಲ್. 1858ರಲ್ಲಿ ವೆಟ್ಟೆರ್ನ್ ಸರೋವರದಲ್ಲಿ ಹಡಗಿನ ಮೇಲೆ ಹೋಗುತ್ತಿದ್ದಾಗ, ಅವಳ ಕಣ್ಣೆದುರಿಗೇ ತಂದೆ ನೀರಿಗೆ ಬಿದ್ದು ಮುಳುಗಿಹೋದನು. ಆಕೆ ದೇಶವನ್ನು ಬಿಡಲಿಲ್ಲ. 1903ರಲ್ಲಿ ತೀರಿಕೊಳ್ಳುವವರೆಗೆ ನೂರಾರು ಭಕ್ತಿಗೀತೆಗಳನ್ನು ರಚಿಸಿದಳು. ಆಸ್ಕರ್ ಆನ್‌ಫೆಲ್ಟ್ ಎಂಬ ಗಾಯಕನು ಗಿಟಾರು ಹಿಡಿದು ಊರೂರು ತಿರುಗಿ ಅವನ್ನು ಹಾಡಿದನು. ಆಕೆ ದಾಟದ ಸಾಗರವನ್ನು ಆಕೆಯ ಗೀತೆಗಳು ವಲಸೆಗಾರರ ಬಾಯಲ್ಲಿ ದಾಟಿದುವು. ತಂದೆಯನ್ನು ಕಳೆದುಕೊಂಡ ಒಬ್ಬ ಮಗಳ ಸಮಾಧಾನವು, ಹಾಗೆಯೇ ಕಳೆದುಕೊಂಡ ಎಷ್ಟೋ ಮಕ್ಕಳಿಗೆ ಒದಗಿತು.

ನಮ್ಮ ಕುಟುಂಬ ಹೊರಟಿತೆಂದೇ ಇಟ್ಟುಕೊಳ್ಳೋಣ. ಪಾದ್ರಿಯು ಸ್ಥಳಾಂತರದ ಪತ್ರವನ್ನು ಬರೆದುಕೊಡುತ್ತಾನೆ. ಓದು ಬರುವುದೇ, ದೇವಿ ಹಾಕಿಸಿದೆಯೇ ಎಂಬುದೆಲ್ಲ ಅದರಲ್ಲಿ ಉಂಟು. ಆಮೇಲೆ ತನ್ನ ದಾಖಲೆಯ ಪುಸ್ತಕವನ್ನು ತೆರೆಯುತ್ತಾನೆ. ತಂದೆಯ ಹೆಸರಿಗೆ ಮರಣದ ದಿನವನ್ನು ಬರೆದು ಆಗಲೇ ಗೀಟೆಳೆದಿದೆ. ಈಗ ತಾಯಿಯ ಹೆಸರಿಗೂ ಮಕ್ಕಳ ಹೆಸರುಗಳಿಗೂ ‘ಉತ್ತರ ಅಮೆರಿಕಾ’ ಎಂದು ಬರೆದು ಗೀಟೆಳೆಯುತ್ತಾನೆ. ಸತ್ತವನಿಗೂ ಹೋದವರಿಗೂ ಒಂದೇ ಗೀಟು. ಆ ಪುಟದಲ್ಲಿ ಗೀಟಿಲ್ಲದೆ ಉಳಿದ ಹೆಸರು ಮುದುಕಿಯದೊಂದೇ.

ಗೊಥೆನ್‌ಬರ್ಗಿನಿಂದ ಹಡಗಿನಲ್ಲಿ ಇಂಗ್ಲೆಂಡಿನ ಹಲ್ ರೇವಿಗೆ, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲಿಗೆ, ಅಲ್ಲಿಂದ ನ್ಯೂಯಾರ್ಕಿಗೆ: ಇದೇ ಅಂದಿನ ವಲಸೆಯ ರಾಜಮಾರ್ಗ. ಮರದ ಪೆಟ್ಟಿಗೆಯಲ್ಲಿ ಬಟ್ಟೆ, ಒಣರೊಟ್ಟಿ, ಉಪಕರಣಗಳ ನಡುವೆ ಬೈಬಲ್ಲು. ಸಂಜೆಯಾದಾಗ ಹಡಗಿನ ಕೆಳಅಂತಸ್ತಿನಲ್ಲಿ ಅದನ್ನು ತೆರೆದು ಓದುವವನು ಈಗ ಹಿರಿಯ ಮಗ.

ಚರ್ಚಿನ ಗಂಟೆ, ಪಾದ್ರಿ, ತಂದೆಯ ಸಮಾಧಿ ಇವಾವುವನ್ನೂ ಕಡಲಾಚೆಗೆ ಒಯ್ಯುವುದಾಗುತ್ತಿರಲಿಲ್ಲ. ಒಯ್ಯಲು ಸಾಧ್ಯವಾದುದು ಮನೆಯವರು ಕೂಡಿ ಕುಳಿತು ಓದುವ ಅಭ್ಯಾಸವೊಂದೇ. ನೆರೆಮನೆಗೆ ದಾಟಬಾರದೆಂದು ರಾಜಾಜ್ಞೆಯು 130 ವರ್ಷಗಳಿಗೂ ಮೀರಿ ಯಾವುದನ್ನು ತಡೆಯಲೆತ್ನಿಸಿತೋ ಅದೇ ಸಾಗರವನ್ನು ದಾಟಿತು. ತಂದೆಯು ಮಕ್ಕಳಿಗೆ ಬಿಟ್ಟುಹೋದ ಆಸ್ತಿಯಲ್ಲಿ ಬೆಲೆಕಟ್ಟುವವರ ಪಟ್ಟಿಗೆ ಸೇರದೆ ಉಳಿದುದು ಅದೊಂದೇ.