ಹಳೆಯ ಜೀಪಿಗೆ ಬೇರೆ ಆಕ್ಸಲ್

ಮಲೆನಾಡಿನ ತೋಟಗಳಲ್ಲಿ ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳು ಇನ್ನೂ ದುಡಿಯುತ್ತಿವೆ. ಹಿಂದಿನ ಆಕ್ಸಲ್ ಕೆಟ್ಟರೆ ನಾವು ಮಾಡೋದೇನು? ಗುಜರಿಯಿಂದ ಗಟ್ಟಿಯಾದ ಬೇರೊಂದನ್ನು ತಂದು ಕೂರಿಸ್ತೇವೆ. ಗಾಡಿ ಓಡುತ್ತದೆ, ನಿಜ. ಆದರೆ ಹಲ್ಲಿನ ಲೆಕ್ಕ ನೋಡಿದಿರಾ?

ಅನೇಕ ಹಳೆಯ ಜೀಪುಗಳ ಆಕ್ಸಲ್ಲಿನೊಳಗೆ ದೊಡ್ಡ ಹಲ್ಲುಚಕ್ರಕ್ಕೆ 43 ಹಲ್ಲು, ಚಿಕ್ಕದಕ್ಕೆ 8. ಅಂದರೆ ಶಾಫ್ಟು ಸುಮಾರು 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಮುಂದೆ ಇದೇ ಇದ್ದು, ಹಿಂದೆ 4.27 ಸುತ್ತಿನದನ್ನು ಹಾಕಿಸಿದಿರಿ ಅನ್ನಿ. ನಾಲ್ಕೂ ಗಾಲಿಗೆ ಗೇರ್ ಕೊಟ್ಟಾಗ ಮುಂದಿನವು ಒಂದು ವೇಗ, ಹಿಂದಿನವು ಇನ್ನೊಂದು. ಜೋಡೆತ್ತಿನಲ್ಲಿ ಒಂದು ಓಡಿ ಒಂದು ನಿಂತರೆ ನೊಗ ಉಳಿದೀತೇ? ಹಾಗೆಯೇ ಗೇರುಪೆಟ್ಟಿಗೆ ಮುರಿಯುತ್ತದೆ, ಅದೂ ಮೂಟೆ ಹೇರಿದ ಏರಿನಲ್ಲಿ.

ಆದ್ದರಿಂದ ಕೊಳ್ಳುವ ಮುನ್ನ ಎಣಿಸಿ. ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಮುಂದಿನ ಎರಡನ್ನೂ ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಡಿ; ಗೇರು ಬಿಡಿಸಿ. ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಎರಡೂ ಗಾಲಿಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಿ. ಶಾಫ್ಟು ಸುಮಾರು 54 ಸುತ್ತಿದರೆ, ಗುಜರಿಯ ಆಕ್ಸಲ್ಲಿನಲ್ಲೂ ಅಷ್ಟೇ ಬರಬೇಕು. ಬಾರದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ಇಲ್ಲವೇ ಹಿಂದು ಮುಂದು ಎರಡನ್ನೂ ಜೋಡಿಯಾಗಿಯೇ ಬದಲಿಸಿ.