ಮೂಲೆಗೆ ಬಿದ್ದ ಸೈಕಲ್ಲು



ಇವತ್ತು ಪಾಠದ ಪುಸ್ತಕ ಪಕ್ಕಕ್ಕಿಡೋಣ. ಒಂದು ಹಳೇ ಸೈಕಲ್ಲಿನ ವಿಷಯ ಮಾತಾಡೋಣ.

2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ನಂಜನಗೂಡು, ತಿ. ನರಸೀಪುರದ ಕಡೆಯ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನಲ್ಲೇ ಹೈಸ್ಕೂಲು ಮುಗಿಸಿದರು. ಮಕ್ಕಳು ಮದುವೆಯಾಗಿ ಹೋದರು. ಸೈಕಲ್ಲು ಕೊಟ್ಟಿಗೆ ಮೂಲೆಯಲ್ಲಿ ಉಳಿಯಿತು. ಈಗ ಅದರ ಮೇಲೆ ಕೋಳಿ ಕೂರುತ್ತೆ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲೂ ಹಾಗೇ ಇತ್ತು. ಅವರ ಕೊನೇ ಮಗಳು ಹೈಸ್ಕೂಲಿಗೆ ಸೇರಬೇಕು. ಶಾಲೆ ನಾಲ್ಕು ಕಿಲೋಮೀಟರ್ ದೂರ. ಬಸ್ಸು ಹೊತ್ತಿಗೆ ಬರಲ್ಲ. "ಓದಿದ್ದು ಸಾಕು, ಕೂಲಿಗೆ ಬರಲಿ" ಅನ್ನುವ ಮಾತು ಮನೆಯಲ್ಲಿ ಎದ್ದಿತ್ತು. "ಸೈಕಲ್ ನಾವೇ ರಿಪೇರಿ ಮಾಡೋಣ" ಅಂದೆವು. "ಅಯ್ಯೋ ಮೇಡಮ್ಮೋರೇ, ಅದು ಗಂಡಸರ ಕೆಲಸ ಅಲ್ವಾ?" ಅಂದರು.

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ, ಅಕ್ಷರದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅದನ್ನು ಹೇಳಿದೆವು. ನಿಜ ಹೇಳಬೇಕು, ರಿಪೇರಿ ನಮಗೂ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಎರಡು ದಿನ ನಿಂತು ನೋಡಿ ಕಲಿತೆವು.

ಗಾಳಿ ನಿಲ್ಲದಿದ್ದರೆ ಮೊದಲೇ ಪಂಚರ್ ಅನ್ನಬೇಡಿ. ಗಾಳಿ ಹೊಡೆದು ವಾಲಿನ ಬಾಯಿಗೆ ಎಂಜಲು ಹಚ್ಚಿ. ಗುಳ್ಳೆ ಬಂತಾ? ಹಾಗಾದರೆ ಒಳಗಿನ ವಾಲ್ ಟ್ಯೂಬು ಹೋಗಿದೆ. ಅದೊಂದು ಸಣ್ಣ ರಬ್ಬರ್ ಕೊಳವೆ. ಕೆಲವೇ ರೂಪಾಯಿ. ಆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಆಗಿದ್ದು ಇಷ್ಟೇ!

ಮುಂದಿನ ಚಕ್ರದ್ದು ಮಾತ್ರ ನಿಜವಾದ ಪಂಚರ್. ವಾಲಿನ ನಟ್ಟು ಬಿಚ್ಚಿದೆವು. ಎರಡು ಚಮಚದ ಹಿಡಿಯಿಂದ ಟೈರಿನ ಅಂಚು ಎಬ್ಬಿಸಿ ಟ್ಯೂಬು ಈಚೆಗೆ ತೆಗೆದೆವು. ಗಾಳಿ ತುಂಬಿ ಬೋಗುಣಿ ನೀರಲ್ಲಿ ಅದ್ದಿದೆವು. ಗುಳ್ಳೆ ಎದ್ದ ಕಡೆ ಗುರುತು ಹಾಕಿದೆವು. ಆಮೇಲೆ ಗಾಳಿ ಬಿಟ್ಟು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಬೇಕು. ಎಲ್ಲರೂ ಆತುರಪಡೋದು ಇಲ್ಲೇ. ಐದು ನಿಮಿಷ ಬಿಡಿ. ಬೆರಳಿಗೆ ಅಂಟದಷ್ಟು ಆರಿದ ಮೇಲೆ ಪಟ್ಟಿ ಇಟ್ಟು ಒತ್ತಿ.

ನಾವು ಒಂದು ತಪ್ಪು ಮಾಡಿದೆವು. ಟೈರಿನ ಒಳಗೆ ನೋಡಲಿಲ್ಲ. ಜಾಲಿ ಮುಳ್ಳು ಅಲ್ಲೇ ಇತ್ತು. ಬೀದಿ ದಾಟುವ ಮೊದಲೇ ಮತ್ತೆ ಸುಯ್ ಅಂತು. ಜಗಲಿ ಮೇಲಿದ್ದವರು ನಕ್ಕರು. ಹಳೇ ಬಟ್ಟೆಯಿಂದ ಟೈರಿನ ಒಳಗೆಲ್ಲ ಒರೆಸಿ. ಮುಳ್ಳಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತೆ.

ಚೈನಿಗೆ ಅಡುಗೆ ಎಣ್ಣೆ ಬೇಡ, ಅಂಟಾಗಿ ಮಣ್ಣು ಹಿಡಿಯುತ್ತೆ. ಹೊಲಿಗೆ ಮಿಷಿನ್ನಿನ ಎಣ್ಣೆ ನಾಲ್ಕು ತೊಟ್ಟು ಸಾಕು. ಎಣ್ಣೆ ರಿಮ್ಮಿಗೆ ತಾಗಬಾರದು. ತಾಗಿದರೆ ಬ್ರೇಕು ಹಿಡಿಯಲ್ಲ. ಬ್ರೇಕಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಸವೆದ ರಬ್ಬರ್ ಬದಲಿಸಿ. ಸೈಕಲ್ಲಿನ ಮೈಯಲ್ಲಿ ಬಿರುಕು ಕಂಡರೆ ಅಂಗಡಿಗೇ ಒಯ್ಯಿರಿ.

ಟೈರು ಕೊಳ್ಳಲು ಹೋದರೆ "ಯಾವ ಸೈಜು?" ಅಂತಾರೆ. ಹಳೇ ಟೈರಿನ ಪಕ್ಕದಲ್ಲಿ ಉಬ್ಬು ಅಂಕಿ ಇರುತ್ತೆ. ಒರೆಸಿ ಓದಿ. ಗಂಡಸರ ದೊಡ್ಡ ಸೈಕಲ್ಲಾದರೆ ಸಾಮಾನ್ಯವಾಗಿ 28 × 1½ ಅಂತ ಇರುತ್ತೆ. ಆ ಅಕ್ಕ ತಾವೇ ಅಂಕಿ ಓದಿ, ಚೀಟಿಯಲ್ಲಿ ಬರೆದುಕೊಂಡು ನಂಜನಗೂಡಿಗೆ ಹೋದರು. ಅಂಗಡಿಯವರು ಬೇರೆ ಅಳತೆಯದು ಕೊಡಲು ಬಂದಾಗ ಚೀಟಿ ತೋರಿಸಿದರಂತೆ!

ಮಗಳು ಈಗ ಶಾಲೆಗೆ ಹೋಗ್ತಿದ್ದಾಳೆ. ಅಮ್ಮ ದಿನಾ ಬೆಳಿಗ್ಗೆ ಟೈರು ಅದುಮಿ ನೋಡಿ ಕಳಿಸ್ತಾರೆ.

ನಾಳೆ ಸಂಜೆ ನಿಮ್ಮ ಮನೆ ಸೈಕಲ್ಲು ತಳ್ಳಿಕೊಂಡು ಬನ್ನಿ. ಬೋಗುಣಿ, ಪಂಪು ನಾವು ತರ್ತೀವಿ.