ಗುಳ್ಳೆಯ ಅಡಿಯ ತುಕ್ಕು
ಹೆಮ್ಮಾಡಿಯಲ್ಲಿ ಹಳೆಯ ಸ್ಕೂಟರ್ ಕೊಂಡವರು ಮೊದಲು ಮಡ್‌ಗಾರ್ಡಿನ ಒಳಮೈ ತಡವಿ ನೋಡಬೇಕು. ಕಡಲು ಹತ್ತಿರ, ಉಪ್ಪುಗಾಳಿ ಸಣ್ಣ ಗೀರಿನಲ್ಲೇ ಒಳಹೊಕ್ಕು ತಗಡನ್ನು ತಿನ್ನುತ್ತದೆ. ಮೇಲೆ ಕಾಣುವುದು ಒಂದು ಗುಳ್ಳೆ ಮಾತ್ರ. ಹೊಸಬರು ಆ ಗುಳ್ಳೆಯ ಮೇಲೇ ಸ್ಪ್ರೇ ಹೊಡೆಯುತ್ತಾರೆ. ಮಳೆಗಾಲ ಮುಗಿಯುವುದರೊಳಗೆ ತುಕ್ಕು ಮತ್ತೆ ಹಾಜರು! ಸಿಹಿನೀರಲ್ಲಿ ತೊಳೆದು ಒಣಗಿಸಿ, ಹೊಳೆಯುವ ತಗಡು ಕಾಣುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಅದೇ ದಿನ ಪ್ರೈಮರ್ ಹಚ್ಚಬೇಕು. ಬಣ್ಣ ಆಮೇಲೆ; ಅದೂ ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಉಜ್ಜುವುದೇ ಬೇಸರದ ಕೆಲಸ, ಅದೇ ಮುಖ್ಯ ಕೆಲಸ. ಆಸಾಡಿ ಮಳೆಯ ತೇವದಲ್ಲಿ ಬಳಿದರೆ ಬಣ್ಣ ಮಂಕಾಗುತ್ತದೆ. ಮಾರಣಕಟ್ಟೆ ಜಾತ್ರೆಗೆಂದು ಇಲ್ಲಿ ಸೇವಂತಿಗೆ ಅರಳುವ ಮಕರ ಸಂಕ್ರಾಂತಿಯ ಆಸುಪಾಸಿನ ಒಣಹವೆಯೇ ಸರಿ. ಬೇರೆ ಬಣ್ಣ ಬಳಿಯುವ ಆಸೆಯಿದ್ದರೆ ಮೊದಲು ಆರ್‌ಟಿಓ ಅನುಮತಿ ಪಡೆಯಿರಿ. ಆರ್‌ಸಿಯಲ್ಲಿ ವಾಹನದ ಬಣ್ಣವೂ ದಾಖಲಾಗಿರುತ್ತದೆ.